ಗ್ಯಾಸ್ ಕುಡಿದವರಾರು?

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡತೊಡಗಿತೆಂದರೆ ನಾಡಿನ ಕಾರುಗಳಿಗೆಲ್ಲ ಒಂದೇ ಕಾಯಿಲೆ, ಒಂದೇ ಮದ್ದು. ಎಸಿ ಬಿಸಿಗಾಳಿ ಊದುತ್ತದೆ. ಬಾನೆಟ್ ಎತ್ತುವ ಮೊದಲೇ ತೀರ್ಪು ಬರುತ್ತದೆ: ‘ಗ್ಯಾಸ್ ಖಾಲಿ ಸಾರ್.’ ಕಲಬುರಗಿಯಲ್ಲೂ ಅದೇ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಅದೇ. ಮಾಲೀಕ ತಲೆಯಾಡಿಸುತ್ತಾನೆ. ಹೋದ ವರ್ಷ ತುಂಬಿಸಿದ್ದಲ್ಲವೇ, ಖಾಲಿಯಾಗದೆ ಇರುತ್ತದೆಯೇ?

ಆಗಲು ಅದನ್ನು ಕುಡಿದವರಾರು ಸ್ವಾಮಿ? ಆರ್-134ಎ ಎಂಬ ಈ ಗ್ಯಾಸು ಪೆಟ್ರೋಲಿನಂತೆ ಉರಿದು ಹೋಗುವುದಿಲ್ಲ. ಕಂಪ್ರೆಸರ್ ಒತ್ತಿದಾಗ ಬಿಸಿಯಾಗುತ್ತದೆ, ರೇಡಿಯೇಟರ್ ಮುಂದಿನ ಕಂಡೆನ್ಸರ್‌ನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ, ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಸುಳಿ ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತದೆ, ಒಳಗಿನ ಸೆಕೆಯನ್ನು ಹೊತ್ತು ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಸುತ್ತಿದ್ದೇ ಸುತ್ತು. ನಿಮ್ಮ ಅಡುಗೆಮನೆಯ ಫ್ರಿಜ್ಜೂ ವರ್ಷಗಟ್ಟಲೆ ಮಾಡುತ್ತ ಬಂದಿರುವುದು ಇದನ್ನೇ. ಅದಕ್ಕೆ ಪ್ರತಿ ಯುಗಾದಿಗೂ ಗ್ಯಾಸ್ ತುಂಬಿಸಿದ ಮನೆತನ ಯಾವುದಾದರೂ ಇದ್ದರೆ ಹೇಳಿ, ಸನ್ಮಾನ ಮಾಡೋಣ.

ಕಾರಿಗೊಂದಿಷ್ಟು ರಿಯಾಯಿತಿ ಕೊಡಬೇಕು, ನಿಜ. ಫ್ರಿಜ್ಜಿನ ಮೋಟಾರು, ಕಂಪ್ರೆಸರು ಎರಡೂ ಒಂದೇ ಉಕ್ಕಿನ ಡಬ್ಬಿಯಲ್ಲಿ ಭದ್ರವಾಗಿರುತ್ತವೆ. ಕಾರಿನದು ಬೆಲ್ಟಿನಿಂದ ತಿರುಗುವಂಥದ್ದು. ಶಾಫ್ಟ್ ಹೊರಗೆ ಇಣುಕುತ್ತದೆ, ಅಲ್ಲೊಂದು ಸೀಲು, ನಡುನಡುವೆ ರಬ್ಬರ್ ಪೈಪು, ಕೆಳಗೆ ನಮ್ಮ ರಸ್ತೆ. ಹಲವು ವರ್ಷಗಳಲ್ಲಿ ಚೂರು ಸೋರಿದರೆ ಕ್ಷಮಿಸಬಹುದು. ವರ್ಷ ತುಂಬುವಷ್ಟರಲ್ಲಿ ಪೂರ್ತಿ ಮಾಯವಾದರೆ ಅದು ಖಾಲಿಯಾದದ್ದಲ್ಲ, ಲೀಕು.

ಲೀಕ್ ಹುಡುಕುವುದು ಬ್ರಹ್ಮವಿದ್ಯೆಯೇನಲ್ಲ. ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲೂ ಸುತ್ತುವುದರಿಂದ ಸೋರಿದ ಕಡೆ ಎಣ್ಣೆಜಿಡ್ಡು ಕೂತಿರುತ್ತದೆ. ನೈಟ್ರೋಜನ್ ಒತ್ತಡ ಕೊಟ್ಟು ಜಾಯಿಂಟಿಗೆ ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸರಿಪಡಿಸಿದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು ಒಳಗಿನ ತೇವ ತೆಗೆಯಬೇಕು, ಆಮೇಲೆ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಬೇಕು. ತೂಗುವುದೇ? ಚಿನ್ನದಂಗಡಿಯೇ ಇದು? ಪೈಪು ಬೆವರಿತೋ, ಕೈಯಿಟ್ಟರೆ ತಣ್ಣಗಾಯಿತೋ, ಗ್ಯಾಸು ಸರಿಯಾಯಿತು. ಇನ್ನಷ್ಟು ತಂಪಾಗಲಿ ಎಂದು ಮಾಲೀಕ ಹಲ್ಲು ಕಿರಿದರೆ ಇನ್ನೊಂದು ಗುಟುಕು. ಗ್ಯಾಸು ಹೆಚ್ಚಾದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ ಅನ್ನುವುದು ಇಬ್ಬರಿಗೂ ಬೇಡದ ಸುದ್ದಿ.

ಎಷ್ಟೋ ಸಲ ಗ್ಯಾಸಿನ ತಪ್ಪೇ ಇರುವುದಿಲ್ಲ. ಹೆದ್ದಾರಿಯಲ್ಲಿ ತಂಪು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಿಸಿ ಎಂದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್ ಫ್ಯಾನು. ಗಾಳಿಯೇ ಸರಿಯಾಗಿ ಬರದಿದ್ದರೆ ಗ್ಲೋವ್ ಬಾಕ್ಸ್ ಹಿಂದೆ ಕೈ ಹಾಕಿ; ಎಸಿ ಫಿಲ್ಟರ್ ಎಂಬ ಹೆಸರಿನಲ್ಲಿ ಬೇವಿನ ಎಲೆ, ಧೂಳು, ಒಂದೆರಡು ಜಿರಲೆಗಳ ಸಮಾಧಿ ಸಿಗುತ್ತದೆ. ಇದನ್ನು ತೆಗೆದು ಕೊಡವಲು ಹತ್ತು ನಿಮಿಷ ಸಾಕು. ಅಷ್ಟಕ್ಕೆ ಬಿಲ್ ಬರೆಯುವುದು ಹೇಗೆ?

ಬಿಲ್ ಬರೆಯುವ ಕಲೆ ನೋಡಬೇಕೆಂದರೆ ಕಂಪನಿ ಸರ್ವೀಸ್ ಸೆಂಟರಿಗೇ ಹೋಗಬೇಕು. ಅಲ್ಲಿ ಕಾಫಿ ಪುಕ್ಕಟೆ. ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಅಡ್ವೈಸರ್ ಯಾವುದನ್ನೂ ರಿಪೇರಿ ಮಾಡಿಸುವುದಿಲ್ಲ, ಅಸೆಂಬ್ಲಿ ಬದಲಿಸುತ್ತಾನೆ. ಕ್ಲಚ್ ಕಾಯಿಲ್ ಸುಟ್ಟಿದೆಯೇ, ಕಂಪ್ರೆಸರೇ ಹೊಸದು. ಜೊತೆಗೆ ಕೂಲಿಂಗ್ ಕಾಯಿಲಿಗೆ ನೊರೆ ಹೊಡೆದು ನಿಂಬೆಹಣ್ಣಿನ ಪರಿಮಳ ಬರಿಸುತ್ತಾರೆ. ಸೆಕೆ ಮೊದಲಿನಷ್ಟೇ, ಪರಿಮಳ ಮಾತ್ರ ಹೊಸದು.

ಸೋರಿದ ಗ್ಯಾಸು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಗಾಳಿಗೆ ಸೇರಿದ ಒಂದು ಕೆಜಿ ಆರ್-134ಎ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,400 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಸಣ್ಣ ಕಾರಿನ 450 ಗ್ರಾಂ ಹಾರಿಹೋದರೆ ಹೆಚ್ಚುಕಡಿಮೆ 270 ಲೀಟರ್ ಪೆಟ್ರೋಲ್ ಸುಟ್ಟಂತೆ. ಹಿಂದಿನ ಗಾಜಿಗೆ ‘ಹಸಿರೇ ಉಸಿರು’ ಅಂಟಿಸಿಕೊಂಡ ಕಾರಿನದೂ ಇದೇ ಲೆಕ್ಕ. ಬೇಸಿಗೆಗೆ ಹೆದರಿ ತುಂಬಿಸಿದ ಗ್ಯಾಸು ಸೋರಿ ಮುಂದಿನ ಬೇಸಿಗೆಗೆ ಸೌದೆಯಾಗುತ್ತದೆ. ಯುರೋಪಿನವರು 2017ರಿಂದ ಹೊಸ ಕಾರುಗಳಲ್ಲಿ ಇದನ್ನು ನಿಲ್ಲಿಸಿದರು. ನಾವು ಕಿಗಾಲಿ ಒಪ್ಪಂದವನ್ನು ಅನುಮೋದಿಸಿ, ಇಂಥ ಅನಿಲಗಳ ಬಳಕೆಗೆ 2028ರಿಂದ ಮಿತಿ ಹಾಕಿಕೊಳ್ಳುವುದಾಗಿ ಒಪ್ಪಿದ್ದೇವೆ. ಅಲ್ಲಿಯವರೆಗೆ ಇನ್ನೊಂದು ಗುಟುಕು.

ಎಲ್ಲ ಮೆಕ್ಯಾನಿಕ್ಕುಗಳೂ ಕಳ್ಳರೆಂದು ಬರೆದರೆ ಓದುಗರು ಮೆಚ್ಚುತ್ತಾರೆ, ಆದರೆ ಅದು ಸುಳ್ಳು. ಪ್ರತಿ ಊರಲ್ಲೂ ಒಬ್ಬರು ಹಳೇ ಎಸಿ ಮೇಸ್ತ್ರಿ ಇರುತ್ತಾರೆ. ‘ಗ್ಯಾಸ್ ಹಾಕೋದು ದೊಡ್ಡ ಮಾತಲ್ಲ ಸಾರ್. ಎಲ್ಲಿ ಹೋಗ್ತಿದೆ ಅಂತ ನೋಡ್ಬೇಕು. ಗಾಡಿ ಬಿಟ್ಟು ಹೋಗಿ, ನಾಳೆ ಬನ್ನಿ’ ಅನ್ನುತ್ತಾರೆ.

‘ನಾಳೆಯಾ? ಸಾಯಂಕಾಲ ರಿಸೆಪ್ಷನ್ ಇದೆ ಮಾರಾಯ್ರೇ.’

ಹೇಗೋ ಒಪ್ಪಿಸಿ ಇಡೀ ದಿನ ಕೂತು ಹುಡುಕಿ, ಬಳೆಚೂರಿನಷ್ಟು ಸಣ್ಣ ಓ-ರಿಂಗ್ ಬದಲಿಸಿ ಅವರು ಮಜೂರಿ ಹೇಳಿದರೆ ನಮ್ಮ ಕಾರು ಮಾಲೀಕ ಹೌಹಾರುತ್ತಾನೆ. ‘ಒಂದು ರಬ್ಬರ್ ರಿಂಗಿಗೆ ಇಷ್ಟಾ? ಪಕ್ಕದವನು ಇದಕ್ಕಿಂತ ಕಡಿಮೆಗೆ ಗ್ಯಾಸೇ ಹಾಕಿಕೊಡ್ತಾನೆ!’ ಚೌಕಾಸಿ ಮಾಡಿ ಅರ್ಧ ಕೊಟ್ಟು, ಎಲ್ಲರಿಗೂ ‘ಆ ಮನುಷ್ಯ ದುಬಾರಿ’ ಎಂದು ಸಾರಿಕೊಂಡು ಬರುತ್ತಾನೆ.

ಮೇಸ್ತ್ರಿಗೂ ಮನೆ ಬಾಡಿಗೆ ಇದೆ. ಈಗ ಅವರೂ ಸೋಪು ನೀರು ಕಲಸುವುದಿಲ್ಲ. ನಿಂತ ಕಾಲಲ್ಲೇ ಗ್ಯಾಸ್ ಹಾಕಿ ಕಳಿಸುತ್ತಾರೆ. ಕೆಲಸ ಬಹಳ ಫಾಸ್ಟು ಎಂದು ಹೆಸರು ಬಂದಿದೆ.