ರಾಮಕೋಟಿಯಲ್ಲಿ ರೈಲು

ಭಾನುವಾರದಿಂದ ಇಂಗ್ಲೆಂಡಿನ ಸ್ಲೌನಲ್ಲಿರುವ ನಮ್ಮ ಮನೆಯಲ್ಲಿ ಅಪ್ಪಯ್ಯನಿಗೂ ಅಮ್ಮನಿಗೂ ಮಾತುಕತೆ ಬಂದ್. ಚಹಾ ಬೇಕಾ ಎಂಬ ಪ್ರಶ್ನೆ ಕೂಡ ನನ್ನ ಮಗನ ಮೂಲಕವೇ ಹೋಗಿ ಬರುತ್ತಿತ್ತು. ಕಾರಣ ಇಷ್ಟೇ: ಅಮ್ಮ ಕುಂದಾಪುರದ ಕೋಡಿಯಿಂದ ಸೀರೆಯ ಮಡಿಕೆಯೊಳಗಿಟ್ಟು ತಂದ ರಾಮಕೋಟಿ ಪುಸ್ತಕದಲ್ಲಿ ಅಪ್ಪಯ್ಯ ರೈಲಿನ ನಂಬರು ಬರೆದುಬಿಟ್ಟಿದ್ದರು.

ಅದೂ ಹಾಳೆ ತುಂಬ. ಎಡಗಡೆ ಅಮ್ಮನ ಗುಂಡು ಅಕ್ಷರದಲ್ಲಿ ಶ್ರೀರಾಮ, ಶ್ರೀರಾಮ. ಬಲಗಡೆ 345012, 345047, 345031.

"ಹ್ವಾಯ್, ನಿಮ್ಗೆ ಮರ್ಲಾ? ರಾಮನ್ ಪುಸ್ತಕದಗೆ ರೈಲಿನ್ ನಂಬ್ರ ಬರೂದಾ?"

"ನನ್ ಪುಸ್ತಕ ತುಂಬಿತ್ ಮಾರಾಯ್ತಿ. ಗಾಡಿ ನಿಲ್ಲುದಿಲ್ಲೆ. ರಾಮ ಎಲ್ಲಿಗ್ ಹೋತ?"

ಊರಿನಲ್ಲಿ ಅಪ್ಪಯ್ಯನಿಗೂ ರೈಲಿಗೂ ಸಂಬಂಧವೇ ಇರಲಿಲ್ಲ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ಶುರುವಾಯಿತು ನಿಜ, ಆದರೆ ಕುಂದಾಪುರದ ಸ್ಟೇಷನ್ನು ಇರುವುದು ಮೂಡ್ಲಕಟ್ಟೆಯಲ್ಲಿ. ಕೋಡಿಯಲ್ಲಿ ಕೇಳುವುದು ಕಡಲು ಮಾತ್ರ. ಮತ್ಸ್ಯಗಂಧ ಎಂದರೆ ಮುಂಬೈಗೆ ಹೋಗುವಾಗ ಹತ್ತಿ ಮಲಗುವ ಗಾಡಿ; ನಿಂತು ನೋಡಲು ಅದರಲ್ಲೇನಿದೆ? ಅವರ ಹುಚ್ಚೇನಿದ್ದರೂ ಗಾಳ. ಪಂಚಗಂಗಾವಳಿ ಕಡಲು ಸೇರುವಲ್ಲಿ ಕಲ್ಲಿನ ಮೇಲೆ ಕೂತರೆಂದರೆ ಊಟದ ಹೊತ್ತಿಗೆ ಯಾರಾದರೂ ಹೋಗಿ ಎಬ್ಬಿಸಿಕೊಂಡು ಬರಬೇಕು.

ಇಲ್ಲಿಗೆ ಬರುವಾಗಲೂ ಗಾಳದ ದಾರ ತಂದಿದ್ದರು. ಬಂದಿಳಿದದ್ದು ಏಪ್ರಿಲ್‌ನಲ್ಲಿ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಸಿಹಿನೀರಿನ ಮೀನಿಗೆ ಗಾಳ ಹಾಕುವಂತಿಲ್ಲ. ಅದನ್ನು ಅಪ್ಪಯ್ಯ ಗೌರವದಿಂದ ಒಪ್ಪಿದರು. ನಮ್ಮಲ್ಲೂ ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆಯಲ್ಲವೆ? ಗಾಳಕ್ಕೆ ಲೈಸೆನ್ಸು ಬೇಕು ಎಂದಾಗ ಹುಬ್ಬೇರಿಸಿದರು. ಕೆರೆಯಲ್ಲಿ ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೇ ಬಿಡುವುದನ್ನು ಕಂಡ ದಿನ ದಾರ ಸುತ್ತಿ ಒಳಗಿಟ್ಟರು. "ಸಾರಿಗ್ ಅಲ್ದಿರೆ ಮೀನ್ ಹಿಡೂದ್ ಎಂತಕ್ಕೆ?"

ಮಗ ಅಜ್ಜಯ್ಯನನ್ನು ಸ್ಲೌ ಸ್ಟೇಷನ್ನಿಗೆ ಕರೆದೊಯ್ದದ್ದು ಬೇಸರ ಕಳೆಯಲೆಂದು. ಐದನೇ ಪ್ಲಾಟ್‌ಫಾರಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಜಿಮ್ ಎಂಬ ನಾಯಿ ನಿಂತಿದೆ. ರೈಲ್ವೆಯವರ ವಿಧವೆಯರಿಗೂ ಅನಾಥ ಮಕ್ಕಳಿಗೂ ಬೊಗಳಿ ಬೊಗಳಿ ಚಂದಾ ಎತ್ತುತ್ತಿದ್ದ ನಾಯಿ. 1896ರಲ್ಲಿ ಸತ್ತ ಮೇಲೆ ಒಳಗೆ ತುಂಬಿಸಿ ನಿಲ್ಲಿಸಿದ್ದಾರೆ. ಅಪ್ಪಯ್ಯ ಅದಕ್ಕೂ ಕೈಮುಗಿದು ಮುಂದೆ ಹೋಗುತ್ತಾರೆ. ವಿಕ್ಟೋರಿಯಾ ರಾಣಿ ಮೊದಲ ಸಲ ರೈಲು ಹತ್ತಿದ್ದೂ ಸ್ಲೌನಲ್ಲೇ, 1842ರ ಜೂನ್ 13ರಂದು. ಅದನ್ನು ಹೇಳಿದರೆ ಅಮ್ಮನ ಉತ್ತರ: "ರಾಣಿಯಾರೂ ಹತ್ತಿ ಹೋದ್ಲ್. ಇವ್ರ್ ಬರೀ ಕಂಡ್ಕಂಡ್ ನಿಂತ್ರ್."

ಸ್ಲೌ ಹಾಯ್ದು ಹೋಗುವ ಎಲಿಜಬೆತ್ ಲೈನಿಗೆ ಮೊದಲು ತರಿಸಿದ ಗಾಡಿಗಳು 70, ಒಂಬತ್ತು ಡಬ್ಬಿಯವು, 345001ರಿಂದ 345070. ಅಷ್ಟನ್ನೂ ಕಣ್ಣಾರೆ ಕಂಡು ಬರೆದುಕೊಳ್ಳಬೇಕೆಂಬುದು ಅಜ್ಜ-ಮೊಮ್ಮಗನ ಹಟ. ಹುಚ್ಚು ಇವರದ್ದೇ ಅಲ್ಲ. ಇಯಾನ್ ಆಲನ್ ಎಂಬ ರೈಲ್ವೆ ನೌಕರ 1942ರಲ್ಲಿ ಎಂಜಿನ್ ನಂಬರುಗಳ ಪುಟ್ಟ ಪುಸ್ತಕ ತಂದಾಗಿನಿಂದ ಈ ದೇಶದಲ್ಲಿ ಎಷ್ಟೋ ಮನೆಗಳ ಊಟ ಆರಿದೆ. ಮೆಂಡಿಪ್ ಗುಡ್ಡದ ಜಲ್ಲಿ ಹೊತ್ತ ಗೂಡ್ಸು ಬಂದರಂತೂ ಅಪ್ಪಯ್ಯ ಕೋಟೇಶ್ವರದ ಕೊಡಿಹಬ್ಬದಲ್ಲಿ ತೇರು ಎಳೆಯುವಾಗ ನಿಂತಂತೆ ನಿಲ್ಲುತ್ತಾರೆ, ಟೋಪಿ ತೆಗೆದು.

ಹೀಗೆ ಶುರುವಾದದ್ದು ರಾಮಕೋಟಿಗೆ ಬಂದು ನಿಂತಿತು. ಹಾಳೆ ಹರಿಯುವಂತಿಲ್ಲ, ಹಿಂಬದಿಯಲ್ಲಿ ರಾಮನಿದ್ದಾನೆ. ಬಿಡುವಂತಿಲ್ಲ, ಮುಂದೆ ರೈಲಿದೆ. ವೈಟ್ನರ್ ಹಚ್ಚೋಣವೆಂದ ಮಗನಿಗೆ "ರಾಮಂಗೆ ಸುಣ್ಣ ಹೊಡೂದಾ?" ಎಂದು ಬಿತ್ತು. ಆ ಹಾಳೆಯನ್ನು ಕೋಟಿಯ ಲೆಕ್ಕದಿಂದ ಬಿಟ್ಟರಾಯಿತೆಂದ ನನ್ನ ಗಂಡನಿಗೆ ರಾತ್ರಿ ಮೊಸರು ಬಡಿಸಲಿಲ್ಲ. ಕೊನೆಗೆ ಊರಿನ ಭಟ್ಟರಿಗೆ ವಾಟ್ಸಾಪಿನಲ್ಲಿ ಫೋಟೊ ಹೋಯಿತು. ಅವರು ಬಹಳ ಹೊತ್ತು ನೋಡಿ "ಇದ್ ಯಾರ್ ಜಾತಕ?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ಪ್ರಾಯಶ್ಚಿತ್ತ ಹೇಳುವುದು ಬಿಟ್ಟು ಆ ಗಾಡಿ ಎಷ್ಟು ಸ್ಪೀಡು ಹೋಗುತ್ತದೆ ಎಂದು ವಿಚಾರಿಸಿದರು. ಅಪ್ಪಯ್ಯ ಅರ್ಧ ಗಂಟೆ ವಿವರಿಸಿದರು. ಅಮ್ಮ ಎದ್ದು ಹೋದರು.

ನಿನ್ನೆ ರಾತ್ರಿ ನೀರು ಕುಡಿಯಲು ಎದ್ದರೆ ಅಡುಗೆಮನೆಯಲ್ಲಿ ದೀಪ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದು ನಂಬರಿನ ಮುಂದೂ ಶ್ರೀರಾಮ ಎಂದು ಬರೆಯುತ್ತಿದ್ದರು. ನನ್ನನ್ನು ನೋಡಿ, "ಊರಗೆ ಗಂಗೊಳ್ಳಿ ಬಂದರಿಗ್ ಬಪ್ಪು ದೋಣಿ ಎಲ್ಲ ಇವ್ರಿಗ್ ಹೆಸ್ರ್ ಹಿಡ್ದ್ ಗೊತ್ತಿದ್ದಿತ್. ಇಲ್ಲ್ ಗುರ್ತಿನವ್ರ್ ಅಂದ್ರೆ ಇವೇ ಅಲ್ದಾ?" ಎಂದರು.

ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅಮ್ಮ ಪೆನ್ನು ನಿಲ್ಲಿಸಿ, ಮಲಗಿದ್ದವರಿಗೂ ಕೇಳುವಂತೆ ಕೂಗಿದರು: "ಹ್ವಾಯ್! ಮೂವತ್ತೊಂದ್ ಎರಡ್ ಸಲ ಬರ್ದಿರಿ!"

ಲಕ್ಷಗಟ್ಟಲೆ ರಾಮನಾಮದ ಲೆಕ್ಕ ತಪ್ಪದವರ ಕಣ್ಣು ಅದು. ಅಪ್ಪಯ್ಯ ಲುಂಗಿ ಕಟ್ಟಿಕೊಳ್ಳುತ್ತ ಓಡಿ ಬಂದರು. ಮಾತುಕತೆ ಬೆಳಗಿನ ಜಾವದವರೆಗೆ ನಡೆಯಿತು, ಜಗಳದ ರೂಪದಲ್ಲೇ.

ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ವೀಸಾ, ವಿಮೆ, ಸ್ವೆಟರು ಎಲ್ಲ ಸರಿ. ಎರಡು ಪುಸ್ತಕ ಬೇರೆ ಬೇರೆ ಬಣ್ಣದ್ದು ತಂದಿಡಿ. ಮತ್ತು ಯಾವ ಕಾರಣಕ್ಕೂ ಭಟ್ಟರಿಗೆ ಫೋನ್ ಮಾಡಬೇಡಿ. ನಮ್ಮ ಭಟ್ಟರು ಈಗ ಮೂಡ್ಲಕಟ್ಟೆ ಸ್ಟೇಷನ್ನಿನಿಂದ ಅಪ್ಪಯ್ಯನಿಗೆ ದಿನಾ ಫೋಟೊ ಕಳಿಸುತ್ತಿದ್ದಾರೆ.