ವಾಟ್ನಿ ಆಗಿ ಬಂದ ಕೇಕು

ನಮ್ಮ ಚಿಕ್ಕೋಡಿ ಕಡೆ ಅಣ್ಣತಮ್ಮಂದಿರ ಜಗಳಕ್ಕೆ ಎರಡೇ ಕಾರಣ. ಬದುವಿನ ಮೇಲಿನ ಬೇವಿನ ಗಿಡ ಯಾರ ಪಾಲಿಗೆ ಎಂಬುದು ಒಂದು, ಕೇಕಿನ ಮೇಲಿನ ಗುಲಾಬಿ ಯಾರ ಪ್ಲೇಟಿಗೆ ಎಂಬುದು ಇನ್ನೊಂದು. ಮೊದಲನೆಯದನ್ನು ವಕೀಲರು ನೋಡಿಕೊಳ್ಳುತ್ತಾರೆ. ಮೊಮ್ಮಕ್ಕಳ ಕಾಲಕ್ಕಾದರೂ ತೀರ್ಪು ಬರುತ್ತದೆ. ಎರಡನೆಯದಕ್ಕೆ ಕೋರ್ಟೇ ಇರಲಿಲ್ಲ. ಹುಟ್ಟುಹಬ್ಬದ ಹುಡುಗ ಮೇಣಬತ್ತಿ ಊದುವಷ್ಟರಲ್ಲಿ ಕಾಕಾನ ಮಗ ಬೆರಳು ಹಾಕಿ ಗುಲಾಬಿ ಎತ್ತಿಕೊಂಡು ಓಡಿರುತ್ತಿದ್ದ. ಅವನ ಹಿಂದೆ ಇವನು, ಇವನ ಹಿಂದೆ ಇವನವ್ವ, ಅವಳ ಹಿಂದೆ ಅವನವ್ವ. ದೀಪಾವಳಿಯ ತನಕ ಎರಡು ಮನೆಯ ನಡುವೆ ಮಾತಿಲ್ಲ.

ಈ ವ್ಯಾಜ್ಯಕ್ಕೆ ಕೊನೆ ಹಾಡಿದ್ದು ಕಪ್ ಕೇಕು. ಇಪ್ಪತ್ನಾಲ್ಕು ಮಕ್ಕಳಿಗೆ ಇಪ್ಪತ್ನಾಲ್ಕು ಪೋಟಹಿಸ್ಸೆ. ಒಂದೊಂದಕ್ಕೂ ಕಾಗದದ ಕಾಂಪೌಂಡು, ಒಂದೊಂದರ ತಲೆಯ ಮೇಲೂ ಅದರದೇ ಗುಲಾಬಿ, ಉತಾರ ಬೇರೆ ಬೇರೆ. ವಾಟ್ನಿ, ಅಂದರೆ ಆಸ್ತಿಯ ಪಾಲು, ಮೊದಲೇ ಆಗಿ ಮನೆಗೆ ಬರುವ ಕೇಕು ಪ್ರಪಂಚದಲ್ಲಿ ಇದೊಂದೇ. ಹಾಗೆಂದೇ ನಮ್ಮ ಐದೂ ತಾಲೂಕುಗಳಲ್ಲಿ, ಚಿಕ್ಕೋಡಿಯಿಂದ ಕಾಗವಾಡದ ತನಕ, ಓಣಿಗೊಬ್ಬ ವೈನಿ ಈ ಕಸುಬಿಗೆ ಇಳಿದಿದ್ದಾಳೆ. 2020ರ ಲಾಕ್‌ಡೌನಿನಲ್ಲಿ ಮೂರು ಪುಡಿಕೆ ಬಿಸ್ಕೀಟು, ಒಂದು ಈನೋ ಪುಡಿ, ಗ್ಯಾಸ್ಕೆಟ್ ತೆಗೆದ ಕುಕ್ಕರಿನ ತಳಕ್ಕೆ ಒಂದು ಸೇರು ಉಪ್ಪು, ಇಷ್ಟರಿಂದ ಸುರುವಾದ ವಿದ್ಯೆ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಓಟಿಜಿ ಕೂತಿದೆ, ಅದರ ಪಕ್ಕದಲ್ಲಿ ರೊಟ್ಟಿಯ ಹಂಚು ಮುಖ ಸಣ್ಣ ಮಾಡಿಕೊಂಡು ನಿಂತಿದೆ.

ಇದು ಪರದೇಶದ ಚಟ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಪರದೇಶದ್ದೇ, ಒಪ್ಪಿದೆ. ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಹಗುರ ಕೇಕಿನ ವಿಧಾನ ಅಮೇಲಿಯಾ ಸಿಮನ್ಸ್ ಎಂಬ ಅಮೆರಿಕದ ಹೆಣ್ಣುಮಗಳು 1796ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿದೆ. 1828ರಲ್ಲಿ ಎಲಿಜಾ ಲೆಸ್ಲಿ ತನ್ನ ಪುಸ್ತಕದಲ್ಲಿ ಕಪ್ ಕೇಕ್ ಎಂದು ಹೆಸರು ಹಿಡಿದೇ ಬರೆದಳು. ಆದರೆ ಅವರ ಹಳೆಯ ಲೆಕ್ಕ ಕೇಳಿ: ಒಂದು ಕಪ್ಪು ಬೆಣ್ಣೆ, ಎರಡು ಕಪ್ಪು ಸಕ್ಕರೆ, ಮೂರು ಕಪ್ಪು ಹಿಟ್ಟು, ನಾಲ್ಕು ಮೊಟ್ಟೆ. ಅದರಲ್ಲಿ ಎರಡು ಕಪ್ಪು ಸಕ್ಕರೆ ಎಂಬುದು ನಮ್ಮವರಿಗೆ ಕೂಡಲೇ ಮನಸ್ಸಿಗೆ ಬಂತು. ಸಕ್ಕರೆ ಕಾರ್ಖಾನೆಯ ಷೇರಿನ ಮೇಲೆ ಅಗ್ಗದ ದರದಲ್ಲಿ ಸಿಕ್ಕ ಸಕ್ಕರೆ ಅಟ್ಟದ ಮೇಲೆ ಚೀಲದಲ್ಲಿ ಗಟ್ಟಿಯಾಗುತ್ತಿತ್ತು, ಎಷ್ಟೆಂದು ಚಹಾ ಕುಡಿಯುವುದು? ಅದನ್ನೇ ಮಿಕ್ಸರಿಗೆ ಹಾಕಿ, ಎರಡು ಚಮಚೆ ಕಾರ್ನ್‌ಫ್ಲೋರ್ ಕೂಡಿಸಿ ನುಣ್ಣಗೆ ಬೀಸಿದರೆ ಐಸಿಂಗ್ ಶುಗರ್. ಕೊಲ್ಲಾಪುರದ ಅಂಗಡಿಯವನು ಇದನ್ನೇ ಚಂದದ ಪ್ಯಾಕೆಟಿನಲ್ಲಿಟ್ಟು ಮಾರುತ್ತಾನೆ. ನಮ್ಮದೇ ಕಬ್ಬು, ನಮಗೇ ಟೋಪಿ.

ಇನ್ನು ಹುಟ್ಟುಹಬ್ಬದ ತಾರೀಖು. ಮಕ್ಕಳದು ಸರಿ, ಆಸ್ಪತ್ರೆಯ ಚೀಟಿ ಇರುತ್ತದೆ. ಹಿರಿಯರದು? ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಹುಡುಗನ ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಶಾಲೆಗೆ ಹಾಕುವ ವಯಸ್ಸಾಯಿತು ಎಂದು ಮಾಸ್ತರರು ದಾಖಲಾತಿಯಲ್ಲಿ ಜೂನ್ 1 ಎಂದು ಬರೆದು ಕೈ ತೊಳೆದುಕೊಂಡರು. ಆ ಪುಣ್ಯಾತ್ಮರಿಗೆ ಮುಂದೊಂದು ದಿನ ವಾಟ್ಸ್ಯಾಪ್ ಬರುತ್ತದೆ, ಕಪ್ ಕೇಕು ಬರುತ್ತದೆ ಎಂದು ಹೇಗೆ ಗೊತ್ತಾಗಬೇಕು? ಈಗ ಪ್ರತಿ ವರ್ಷ ಮೇ 31ರ ರಾತ್ರಿ ವೈನಿಯರಿಗೆ ನಿದ್ದೆ ಇಲ್ಲ. ಒಂದೇ ಓಣಿಯಲ್ಲಿ ನಾಲ್ವರು ಮುತ್ಯಾಗಳು, ನಾಲ್ವರದೂ ಎಪ್ಪತ್ತೈದು, ನಾಲ್ಕು ಮನೆಗೂ ಬೇರೆ ಬೇರೆ ಥೀಮು ಬೇಕು.

ಹೀಗೆಯೇ ಒಂದು ಜೂನ್ 1ಕ್ಕೆ ನಮ್ಮ ಓಣಿಯ ವೈನಿ ಮುತ್ಯಾನ ಜೀವನಚರಿತ್ರೆಯನ್ನೇ ಕಪ್ ಕೇಕಿನ ಮೇಲೆ ಬರೆದಳು. ಒಂದರ ಮೇಲೆ ಕೆಂಪು ಪಟಕಾ, ಸುರುಳಿ ಸುರುಳಿಯಾಗಿ ಕ್ರೀಮಿನದು. ಒಂದರ ಮೇಲೆ ಎಲಿ-ಅಡಿಕಿ ಚೀಲ. ಒಂದರ ಮೇಲೆ ಫಾಂಡಂಟಿನ ಅಥಣಿ ಚಪ್ಪಲಿ. ಫಾಂಡಂಟ್ ಅಂದರೆ ಸಕ್ಕರೆಯ ಕಣಕ. ಹೋಳಿಗೆಯ ಕಣಕ ನಾದಿದ ಕೈಗೆ ಅದು ಹೊಸದೇನಲ್ಲ. ಅಂಗಾಲಿನ ಪಟ್ಟಿ, ಮೇಲಿನ ಹೆಣಿಕೆ, ಹೆಬ್ಬೆರಳಿನ ಉಂಗುರ, ಅಂಚಿಗೆ ಸೂಜಿಯ ಮೊನೆಯಿಂದ ಚುಚ್ಚಿದ ಹೊಲಿಗೆಯ ಗುರುತು, ಎಲ್ಲ ಯಥಾವತ್ತು. ಇದೇ ಜಾತಿಯ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಗೂ ಅದರಲ್ಲಿ ಪಾಲು ಬಂತು. 2025ರಲ್ಲಿ ಇಟಲಿಯ ಪ್ರಾಡಾದವರು ಇಂಥದ್ದೇ ಚಪ್ಪಲಿಯನ್ನು ಮಿಲಾನಿನ ವೇದಿಕೆಯ ಮೇಲೆ ನಡೆಸಿ ಬೈಸಿಕೊಂಡರು. ಅವರು ಕಾಲಿಗಾದರೂ ಹಾಕಿದ್ದರು! ಮುತ್ಯಾ ಕನ್ನಡಕ ಏರಿಸಿ, ಕಪ್ ಕೇಕನ್ನು ಕಣ್ಣ ಹತ್ತಿರ ಹಿಡಿದು, ಸುತ್ತಲೂ ತಿರುಗಿಸಿ ನೋಡಿ ಕೇಳಿದ:

"ಯವ್ವಾ, ಎಪ್ಪತ್ತೈದ ವರ್ಷ ಕಾಲಾಗ ಹಾಕ್ಕೊಂಡದ್ದ ಇವತ್ತ ಬಾಯಾಗ ಹಾಕ್ಕೊ ಅಂತೀ ಏನ?"

"ಸಕ್ಕರೀದ ಐತ್ರಿ ಮಾವಾರ."

"ಹಂಗಾರ ಇನ್ನೊಂದ ಎಲ್ಲೈತಿ? ಒಂಟಿ ಚಪ್ಪಲಿ ಯಾರರೆ ಕೊಡ್ತಾರೇನ?"

ಜೋಡಿ ಚಪ್ಪಲಿ ಮೊಮ್ಮಗನ ಹೊಟ್ಟೆಯಲ್ಲಿ ಆಗಲೇ ನಡೆಯುತ್ತಿತ್ತು.

ಜೂನ್ 1ರ ಇನ್ನೊಂದು ಪೀಡೆ ಸೆಕೆ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಗೆ. ಮಳೆ ಇನ್ನೂ ಬೀಳದ ನಮ್ಮೂರಿನಲ್ಲಿ ಆ ಹೊತ್ತಿಗೆ ಹೊರಸಿನ ಮೇಲಿನ ಹಾಸಿಗೆಗೇ ಅಷ್ಟು ಬಿಸಿ ಇರುತ್ತದೆ. ಮೇಲೆ ಕರೆಂಟು ಹೋಗುವ ಕಾರ್ಯಕ್ರಮ ಬೇರೆ. ಬೆಣ್ಣೆಯ ಕ್ರೀಮಿನಲ್ಲಿ ಬರೆದ 'ಶುಭಾಶಯ' ಫೋಟೋ ತೆಗೆಯುವಷ್ಟರಲ್ಲಿ ಜಾರಿ, ಆರತಿ ಬೆಳಗುವಷ್ಟರಲ್ಲಿ ಬರೀ 'ಯ' ಉಳಿಯುತ್ತದೆ. ಅದಕ್ಕೆಂದೇ ಬಲ್ಲವರು ತಾಳೆಯೆಣ್ಣೆಯ ಜಾತಿಯ ವಿಪ್ಪಿಂಗ್ ಕ್ರೀಮಿಗೆ ಶರಣಾಗಿದ್ದಾರೆ. ಕೆಳಗೆ ಬರ್ಫದ ಬುಟ್ಟಿ, ಮೇಲೆ ಪಾತ್ರೆ, ಅದರಲ್ಲಿ ಕಡೆಯುವುದು. ರುಚಿ? ಬೆಣ್ಣೆಯ ಮುಂದೆ ಅದು ಸೊನ್ನೆ ಎಂಬುದು ನನ್ನ ತೀರ್ಮಾನ. ಆದರೆ ಥೀಮಿನ ಕಾಲದಲ್ಲಿ ನಾಲಿಗೆಯ ಅಭಿಪ್ರಾಯ ಕೇಳುವವರು ಯಾರು, ಎಲ್ಲ ಮೊಬೈಲಿನ ಕಣ್ಣಿಗೆ.

ಸಲಕರಣೆಯ ವಿಷಯದಲ್ಲಿ ಮಾತ್ರ ನಮ್ಮವರನ್ನು ಹೊಗಳಲೇಬೇಕು. ಗುಲಾಬಿ ಸುರುಳಿಗೆ 1ಎಂ ಎಂಬ ನಕ್ಷತ್ರದ ನಾಝಲ್ ಬೇಕಂತೆ. ವೈನಿ ಅದನ್ನು ಕೈಯಲ್ಲಿ ಹಿಡಿದು ನೋಡಿದವಳೇ ಒಳಗೆ ಹೋಗಿ ಅತ್ತೆಯ ಕಾಲದ ಹಿತ್ತಾಳೆಯ ಚಕ್ಕುಲಿ ಒರಳು ತಂದಳು. ನಕ್ಷತ್ರ ಅಲ್ಲೂ ಅದೇ, ಬಿಲ್ಲೆ ಮಾತ್ರ ದೊಡ್ಡದು. ಹಿಡಿಕೆ ತಿರುವಿದಳು ನೋಡಿ, ಕಪ್ ಕೇಕಿನ ಮೇಲೆ ಬಿಳಿ ಚಕ್ಕುಲಿ! ಹೊರಗಿನಿಂದ ಸುರು ಮಾಡಿ ನಡುವಿಗೆ ಮುಗಿಸಿದರೆ ಗೋಪುರ, ನಡುವಿನಿಂದ ಹೊರಗೆ ಸುತ್ತಿದರೆ ಗುಲಾಬಿ. ಸಣ್ಣ ಅಕ್ಷರಕ್ಕೆ ನಂದಿನಿ ಹಾಲಿನ ಪ್ಯಾಕೆಟು ತೊಳೆದು, ಒರೆಸಿ, ಮೂಲೆ ಕತ್ತರಿಸಿದರೆ ಆಯಿತು. ಮದರಂಗಿಯ ಕೋನು ಹಿಡಿದು ಮದುವೆ ಮನೆಗಳಲ್ಲಿ ಕೈ ತುಂಬ ಬಳ್ಳಿ ಬಿಡಿಸಿದ ಹುಡುಗಿಯರಿಗೆ ಇದನ್ನು ಕಲಿಸುವ ಅಗತ್ಯವೇ ಇಲ್ಲ.

ನಿಜವಾದ ಪರೀಕ್ಷೆ ಇರುವುದು ಜೈನರ ಮನೆಯ ಆರ್ಡರಿನಲ್ಲಿ. ಶೇಡಬಾಳ, ಉಗಾರ, ಬೇಡಕಿಹಾಳ, ಭೋಜ ಎಂದು ನದಿಗುಂಟ ಜೈನರ ಊರುಗಳು ನಮ್ಮಲ್ಲಿ ತುಂಬ ಇವೆ. ಅಲ್ಲಿ ಮೊಟ್ಟೆಯ ಮಾತೇ ಇಲ್ಲ. ಮೊಸರು ಮತ್ತು ಅಡುಗೆ ಸೋಡಾ ಕೂಡಿದರೆ ಗುಳ್ಳೆ ಎದ್ದು ಹಿಟ್ಟು ಉಬ್ಬುತ್ತದೆ. ಕಲಸಿದ ಮೇಲೆ ನೆರೆಮನೆಯ ಸುದ್ದಿ ಕೇಳುತ್ತ ನಿಲ್ಲದೆ, ಕಾಗದದ ಬಟ್ಟಲಿಗೆ ಮುಕ್ಕಾಲಿಗಿಂತ ತುಸು ಕಡಿಮೆ ತುಂಬಿ, 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷದೊಳಗೆ ಇಳಿಸಬೇಕು. ಫಾಂಡಂಟಿನಲ್ಲಿ ಜೆಲಾಟಿನ್ ಇದೆಯೋ ಎಂದು ಪ್ಯಾಕೆಟಿನ ಹಸಿರು ಚುಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ಗಜ್ಜರಿಯ ಕಪ್ ಕೇಕು ನಡೆಯುವುದಿಲ್ಲ, ನೆಲದೊಳಗಿನ ಗಡ್ಡೆ. ಮತ್ತು ಎಲ್ಲ ಮುಗಿಯಬೇಕಾದದ್ದು ಹೊತ್ತು ಮುಳುಗುವುದರೊಳಗೆ. ಡಿಸೆಂಬರಿನಲ್ಲಿ ಆರು ಗಂಟೆ ಅಂದರೆ ಆರು ಗಂಟೆ! ಸಾಹೇಬರು ಬರಲಿ, ಬೀಗರು ಬರಲಿ ಎಂದು ಕಾಯುವ ಚಾಳಿ ಅಲ್ಲಿಲ್ಲ. ನಮ್ಮ ಐದೂ ತಾಲೂಕಿನಲ್ಲಿ ಹೇಳಿದ ವೇಳೆಗೆ ಸುರುವಾಗುವ ಹುಟ್ಟುಹಬ್ಬ ಅದೊಂದೇ ಇರಬೇಕು.

ಇಷ್ಟೆಲ್ಲ ಪಾಲಿಸಿದ ವೈನಿ ಒಮ್ಮೆ ಎಡವಿದ್ದು ಹುಲಿಯ ಮೇಲೆ. ಒಂದು ಜೈನರ ಮನೆಯಲ್ಲಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಕಾಡಿನ ಥೀಮು: ಸಕ್ಕರೆಯ ಹುಲಿ, ಆನೆ, ಮೊಲ, ಒಂದು ಕೋಳಿಯೂ. ಮನೆಯ ಆಯಿ ಕೋಳಿಯನ್ನು ನೋಡಿದ್ದೇ ತಡ, ಯಶೋಧರನ ಕತೆ ತೆಗೆದರು. ಹಿಟ್ಟಿನ ಕೋಳಿ ಮಾಡಿ ಬಲಿ ಕೊಟ್ಟದ್ದಕ್ಕೆ ರಾಜ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಜನ್ಮ ಜನ್ಮಾಂತರ ಪಶುಪಕ್ಷಿಗಳಾಗಿ ಹುಟ್ಟಿ ನರಳಿದರು. ಕವಿ ಜನ್ನ 1209ರಲ್ಲೇ ಬರೆದಿಟ್ಟಿದ್ದಾನೆ. ಹಿಟ್ಟಿನ ಕೋಳಿಗೇ ಆ ಪಾಡಾದರೆ ಕ್ರೀಮಿನ ಕೋಳಿಗೆ? ಸಂಕಲ್ಪವೇ ಹಿಂಸೆ ಎನ್ನುವ ಮನೆಯಲ್ಲಿ ಸಕ್ಕರೆಯ ಹುಲಿಯ ಕುತ್ತಿಗೆ ಕಡಿಯುವುದು ಹೇಗೆ? ಸೂರ್ಯ ಇಳಿಯುತ್ತಿದ್ದಾನೆ, ಹುಡುಗ ಅಳುತ್ತಿದ್ದಾನೆ, ಆಯಿ ಕದಲುತ್ತಿಲ್ಲ. ಆಗ ವೈನಿ ಮಾಡಿದ ಉಪಾಯ ನೋಡಿ. ಒಂದೊಂದು ಪ್ರಾಣಿಯ ಕೆಳಗೂ ಹಲ್ಲುಕಡ್ಡಿ ಚುಚ್ಚಿದಳು. ತಿನ್ನುವ ಮೊದಲು ಪ್ರತಿಯೊಬ್ಬರೂ ತಮ್ಮ ಪ್ರಾಣಿಯನ್ನು ಮೆಲ್ಲಗೆ ಎತ್ತಿ, ನಡುವಿನ ತಾಟಿನಲ್ಲಿಟ್ಟು, ಅಭಯದಾನ ಮಾಡಿ, ಆಮೇಲೆ ಬರಿಯ ಹುಲ್ಲುಗಾವಲು ತಿನ್ನುವುದು. ಹುಲಿ, ಮೊಲ, ಕೋಳಿ ಒಂದೇ ತಾಟಿನಲ್ಲಿ ಹೊಂದಿಕೊಂಡು ಕೂತವು. ತೀರ್ಥಂಕರರ ಸಮವಸರಣದಲ್ಲಿ ಹೀಗೇ ಎಲ್ಲ ಪ್ರಾಣಿಗಳೂ ವೈರ ಮರೆತು ಕೂಡುತ್ತವೆ ಎಂದು ಆಯಿಗೇ ಖುಷಿಯಾಗಿ ಮುಂದಿನ ವರ್ಷದ ಥೀಮು ಅದೇ ಎಂದು ಮುಂಗಡವನ್ನೂ ಕೊಟ್ಟರು.

ಪಕ್ಕದ ಲಿಂಗಾಯತರ ಮನೆಯಲ್ಲಿ ಈ ಅಂಜಿಕೆ ಇಲ್ಲ. ಗೌರಿ ಹುಣ್ಣಿಮೆಗೆ ಸಕ್ಕರಿ ಗೊಂಬಿ ತಿಂದು ಬೆಳೆದ ಮಂದಿ. ನೆನೆಸಿದ ಕಟ್ಟಿಗೆಯ ಜೋಡು ಅಚ್ಚು ಕಟ್ಟಿ, ಕುದಿಯುವ ಪಾಕ ಸುರಿದು, ಆರಿದ ಮೇಲೆ ಬಿಚ್ಚಿದರೆ ಆನೆ, ನವಿಲು, ತೇರು, ಬಸವಣ್ಣ ಒಬ್ಬೊಬ್ಬರಾಗಿ ಹೊರಬರುತ್ತಾರೆ. ನಿಶ್ಚಯವಾದ ಹುಡುಗಿಗೆ ಬೀಗರ ಮನೆಯಿಂದ ತಟ್ಟೆ ತುಂಬ ಸಕ್ಕರಿ ಆರತಿ ಬರುವುದು ರೂಢಿ. ಬಂದ ಗೊಂಬೆಗಳ ಎತ್ತರ ಅಳೆದು ಬೀಗರ ಯೋಗ್ಯತೆ ಅಳೆಯುವುದೂ ರೂಢಿ. ಈಗ ಆ ತಟ್ಟೆಯ ಅಂಚಿಗೆ ಕಪ್ ಕೇಕೂ ಬಂದು ಕೂತಿದೆ, ಕುಬಸಕ್ಕೆ ಸಣ್ಣ ತೊಟ್ಟಿಲಿನದು, ಜವಳಕ್ಕೆ ಬೋಳುತಲೆಯದು. 2025ರ ಜೂನ್‌ನಲ್ಲಿ ಹದಿನೆಂಟನೆಯ ಸಲಕ್ಕೆ ಆರ್‌ಸಿಬಿಗೆ ಕಪ್ಪು ಬಂದಾಗಂತೂ ಕೆಂಪು ಬಣ್ಣದ ಡಬ್ಬಿಗಳೇ ಖಾಲಿ.

ಕಷ್ಟಗಳೂ ಇವೆ. ಮಳೆಗಾಲದಲ್ಲಿ ಕಲ್ಲೋಳ–ಯಡೂರ ಸೇತುವೆ ಮುಳುಗಿದರೆ ಎದುರು ದಂಡೆಯ ಹುಟ್ಟುಹಬ್ಬಕ್ಕೆ ಸುತ್ತು ಹೊಡೆದು ಹೋಗಬೇಕು. ಮೋಟಾರ್ ಸೈಕಲ್ಲಿನ ಹಿಂದೆ ಡಬ್ಬಿ ಹಿಡಿದು ಕೂತ ಅಣ್ಣ ಪ್ರತಿ ತೆಗ್ಗಿಗೂ ವೈನಿಯ ಹೆಸರು ಜಪಿಸುತ್ತಾನೆ. ನಡುರಸ್ತೆಯಲ್ಲಿ ಜೀಪಿನ ಬಾನೆಟ್ ಮೇಲೆ ಕೇಕಿಟ್ಟು ತಲವಾರದಿಂದ ಕೊಯ್ದು, ಮರುದಿನ ಠಾಣೆಯಲ್ಲಿ ಕೈಕಟ್ಟಿ ನಿಲ್ಲುವ ಶೂರರಿಗೂ ಕಪ್ ಕೇಕು ಒಗ್ಗಿಲ್ಲ. ತಲವಾರದ ಹಿಡಿಕೆಗಿಂತ ಅದೇ ಸಣ್ಣದು.

ಆದರೆ ವಾಟ್ನಿಯ ಜಗಳ ಹೋಯಿತು ಎಂದೆನಲ್ಲ, ಪೂರ್ತಿ ಹೋಗಿಲ್ಲ. ಥೀಮು ಎಂಬ ಶನಿ ಅದನ್ನು ಹಿತ್ತಲ ಬಾಗಿಲಿನಿಂದ ವಾಪಸು ಕರೆದಿದೆ. ನಮ್ಮ ಕಡೆಯ ಗಂಡುಹುಡುಗರಿಗೆ ಸ್ಪೈಡರ್‌ಮ್ಯಾನು, ಡೈನೋಸಾರು ಎಲ್ಲ ಎರಡನೆಯ ನಂಬರು. ಮೊದಲನೆಯದು ಟ್ರ್ಯಾಕ್ಟರು. ಇಪ್ಪತ್ನಾಲ್ಕು ಕಪ್ ಕೇಕು ಸಾಲಾಗಿ ಜೋಡಿಸಿ, ಮುಂದಿನದರ ಮೇಲೆ ಇಂಜಿನು, ಹಿಂದೆ ಎರಡು ಡಬ್ಬಿ, ಅದರಲ್ಲಿ ಹಸಿರು ಕ್ರೀಮಿನ ಕಬ್ಬು, ಗಾಲಿಗೆ ಚಾಕಲೇಟು ಬಿಸ್ಕೀಟು. ಕಬ್ಬು ಇಪ್ಪತ್ತು ಮಂದಿಗೆ ಬರುತ್ತದೆ, ಗಾಲಿಯೂ ಬರುತ್ತದೆ, ಇಂಜಿನು ಒಂದೇ. ಹೋದ ಹಂಗಾಮಿನಲ್ಲಿ ಒಂದು ಮನೆಯಲ್ಲಿ ಇದೇ ಆಯಿತು. ನನಗೆ ಬೇಕು ಎಂದು ಹುಟ್ಟುಹಬ್ಬದವನು, ತನಗೆ ಬೇಕು ಎಂದು ಅವನಿಗಿಂತ ಹಿರಿಯವನು, ಹಿರಿಯವನ ಪರ ದೊಡ್ಡಪ್ಪ, ಕಿರಿಯವನ ಪರ ಸಣ್ಣ ಕಾಕಾ. ಮಾತು ಕಪ್ ಕೇಕಿನಿಂದ ಬಾವಿಗೆ, ಬಾವಿಯಿಂದ ಪಂಪ್‌ಸೆಟ್ಟಿಗೆ, ಪಂಪ್‌ಸೆಟ್ಟಿನಿಂದ 1998ರ ಬೋರಿಗೆ ಹೋಗುವ ಹೊತ್ತಿಗೆ ಮೂಲೆಯಲ್ಲಿ ಕೂತ ಮುತ್ಯಾ ಕೆಮ್ಮಿದ.

"ಗದ್ದಲ ಬ್ಯಾಡ. ಟ್ರ್ಯಾಕ್ಟರಿನ ಸಾಲ ಯಾರ ಹೆಸರಿಲೆ ಐತಿ?"

ಎಲ್ಲರೂ ನೆಲ ನೋಡಿದರು. ದೊಡ್ಡ ಸೊಸೆಯೇ ಬಾಯಿ ಬಿಟ್ಟಳು: "ನಿಮ್ಮ ಹೆಸರಿಲೇನ ಐತ್ರಿ ಮಾವಾರ."

"ಹಂಗಾರ ಇಂಜಿನ್ನ ಇತ್ತ ತಾ. ಹಪ್ತೆ ಕಟ್ಟವರಿಗೆ ಮ್ಯಾಲ ಒಂದ ಗಾಲಿ ಕೊಡ."