ಚಕ್ರವರ್ತಿಯ ಗುಮಾಸ್ತಗಿರಿ

(ಮಾವ ಕಂದಾಯ ಇಲಾಖೆಯಿಂದ ನಿವೃತ್ತರು. ಕಡತ ಎಲ್ಲಿದ್ದರೂ ವಾಸನೆ ಹಿಡಿಯಬಲ್ಲರು.)

ಮಾವ: ಹನ್ನೊಂದು ಗಂಟೆ ಆಯ್ತಲ್ಲೋ, ಏನದು?

ಅಳಿಯ: ಸಿವಿಲೈಸೇಶನ್ 6 ಅಂತ ಕಂಪ್ಯೂಟರ್ ಆಟ, ಮಾವ. ಕ್ರಿ.ಪೂ. 4000ದಿಂದ ಶುರು. ನಾನು ಭಾರತ, ಗಾಂಧೀಜಿ ನಮ್ಮ ದೊರೆ.

ಮಾವ: ಕ್ರಿ.ಪೂ. 4000ದಲ್ಲಿ ಗಾಂಧೀಜಿ?

ಅಳಿಯ: ಪಕ್ಕದಲ್ಲೇ ಕ್ಲಿಯೋಪಾತ್ರಾನೂ ಇದ್ದಾಳೆ.

ಮಾವ: ಸರಿ ಬಿಡು. ಆ ದೊಣ್ಣೆ ಹಿಡಿದವನು ಯಾಕೆ ಸುಮ್ಮನೆ ನಿಂತಿದ್ದಾನೆ?

ಅಳಿಯ: ನಿಂತಿಲ್ಲ, ಹೊರಟಿದ್ದಾನೆ. ಒಂದು ಸರದಿಗೆ ಎರಡು ಮನೆ. ಮೊದಮೊದಲು ಒಂದು ಸರದಿ ಅಂದ್ರೆ 40 ವರ್ಷ.

ಮಾವ: ಎರಡು ಮನೆ ದಾಟೋಕೆ 40 ವರ್ಷ! ನಮ್ಮ ಸರ್ವೇಯರ್ ಇದಕ್ಕಿಂತ ಬೇಗ ಬರ್ತಿದ್ದ ಕಣೋ. ಈ ಕೂಲಿಯವನು?

ಅಳಿಯ: ಮೂರು ಕೆಲಸ ಮಾಡ್ತಾನೆ. ಒಂದು ಹೊಲ, ಒಂದು ಗಣಿ, ಇನ್ನೊಂದೇನೋ. ಆಮೇಲೆ ಮಾಯ.

ಮಾವ: ಪಿಂಚಣಿ?

ಅಳಿಯ: ಇಲ್ಲ.

ಮಾವ: ಛೆ.

ಅಳಿಯ: ತಲೆನೋವು ಅಂದ್ರೆ ಈ ವ್ಯಾಪಾರಿಗಳು. ಅವಧಿ ಮುಗಿದಾಗಲೆಲ್ಲ ಬಂದು ನಿಲ್ತಾರೆ, ‘ಈಗೆಲ್ಲಿಗೆ ಹೋಗಲಿ?’ ಅಂತ. ಹೋದ ಊರಿಗೇ ಮತ್ತೆ ಕಳಿಸಬೇಕು. ಅಷ್ಟರಲ್ಲಿ ಹತ್ತು ಊರಿನವರು ‘ಮುಂದೇನು ಕಟ್ಟೋಣ?’ ಅಂತಾರೆ. ಉತ್ತರ ಕೊಡದೆ ಸರದಿ ಮುಗಿಯಲ್ಲ.

ಮಾವ: ಯುದ್ಧ?

ಅಳಿಯ: ಎದುರಾಳಿಗಳು ಆಗಲೇ ಸುಸ್ತು. ನಾನು ಗೆದ್ದ ಹಾಗೇ ಲೆಕ್ಕ.

ಮಾವ: ಮತ್ತೆ ಮುಚ್ಚಿಟ್ಟು ಮಲಗೋ!

ಅಳಿಯ: ಕಂಪ್ಯೂಟರ್ ಒಪ್ಪಬೇಕಲ್ಲ. ಇನ್ನೂ ನೂರೈವತ್ತು ಸರದಿ ಬೇಕಾಗಬಹುದು.

ಮಾವ: ಟಿಪ್ಪಣಿ, ಅನುಮೋದನೆ, ಮರುಟಿಪ್ಪಣಿ... ಇದಕ್ಕೆ ಸಂಬಳ ಎಷ್ಟು ಕೊಡ್ತಾರೆ?

ಅಳಿಯ: ದುಡ್ಡು ಕೊಟ್ಟು ಕೊಂಡಿದ್ದು ನಾನೇ, ಮಾವ. ಎರಡು ವಿಸ್ತರಣೆ ಸೇರಿಸಿ.